ಒಂದೇ ಲಾಗಿನ್, ಎಲ್ಲ ಟೆಸ್ಟ್: ಏಳು ಸೂತ್ರಗಳು

ಮಾನ್ವಿ, ದೇವದುರ್ಗದಿಂದ ದಿನಾ ರಾಯಚೂರಿನ ಕಾಲೇಜಿಗೆ ಬರುವ ಹುಡುಗರ ಜೇಬಿನಲ್ಲಿ ಬಸ್ ಪಾಸ್ ಇರುತ್ತದೆ. ಅರ್ಜಿ, ಫೋಟೊ, ಕಾಲೇಜಿನ ಸೀಲು ಎಲ್ಲ ಒಂದೇ ಸಲ. ಆಮೇಲೆ ಕಂಡಕ್ಟರ್ ನೋಡುವುದು ಪಾಸಿನ ಮಾರ್ಗ ಮತ್ತು ತಾರೀಖು, ಅಷ್ಟೇ. ಒಮ್ಮೆ ಲಾಗಿನ್ ಆದರೆ ಹಲವು ತಾಣಗಳು ತೆರೆಯುವ ಸಿಂಗಲ್ ಸೈನ್-ಆನ್ ಕೂಡ ಇದೇ ಲೆಕ್ಕ. ಡಿಜಿಲಾಕರ್, ಇ-ಪ್ರಮಾಣ್, ಜನ್ ಪರಿಚಯ್ ಮೂರನ್ನೂ ಒಂದುಗೂಡಿಸಿ 2022ರಲ್ಲಿ ಬಂದ ‘ಮೇರಿ ಪೆಹಚಾನ್’ ಇದರ ಸರ್ಕಾರಿ ರೂಪ. ಬ್ರೌಸರ್ ಟೆಸ್ಟ್ ಬರೆಯುವವರು ಆ ಪಾಸನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ತಲೆನೋವು ಇಳಿಯುತ್ತದೆ.

1. ಪಾಸ್ ಒಮ್ಮೆ ಮಾಡಿಸಿ. ಪ್ರತಿ ಟೆಸ್ಟೂ ಲಾಗಿನ್‌ನಿಂದ ಶುರುವಾಗಬೇಕಿಲ್ಲ. ಪ್ಲೇರೈಟ್ ಎಂಬ ಟೆಸ್ಟ್ ಸಾಧನದಲ್ಲಿ ಒಮ್ಮೆ ಲಾಗಿನ್ ಆಗಿ ‘ಸ್ಟೋರೇಜ್ ಸ್ಟೇಟ್’ ಅನ್ನು ಫೈಲಿನಲ್ಲಿ ಉಳಿಸಿ, ಉಳಿದ ಟೆಸ್ಟುಗಳಿಗೆ ಅದನ್ನೇ ಕೊಡಿ. ಸೈಪ್ರೆಸ್‌ನಲ್ಲಿ ಇದಕ್ಕೆ ‘ಸೆಷನ್’ ಕಮಾಂಡ್ ಇದೆ.

2. ಫೈಲ್ ತೆರೆದು ನೋಡಿ. ಪ್ಲೇರೈಟ್ ಕುಕೀ, ಲೋಕಲ್ ಸ್ಟೋರೇಜ್ ಉಳಿಸುತ್ತದೆ. ಸೆಷನ್ ಸ್ಟೋರೇಜ್ ಉಳಿಸುವುದಿಲ್ಲ. ಟೆಸ್ಟ್ ಮತ್ತೆ ಮತ್ತೆ ಲಾಗಿನ್ ಪುಟಕ್ಕೇ ಬಂದು ನಿಲ್ಲುತ್ತಿದ್ದಾಗ ನಾನು ಒಂದು ಸಂಜೆ ಪೂರ್ತಿ ಕಳೆದೆ. ಕೊನೆಗೆ ಫೈಲ್ ತೆರೆದರೆ ಕುಕೀಗಳೆಲ್ಲ ಸಾಲಾಗಿ ಕೂತಿವೆ, ಸೆಷನ್ ಸ್ಟೋರೇಜ್‌ನಲ್ಲಿದ್ದ ಲಾಗಿನ್ ಟೋಕನ್ ಮಾತ್ರ ಇಲ್ಲ! ಅದನ್ನು ಬೇರೆಯಾಗಿ ತೆಗೆದಿಟ್ಟು, ಪುಟ ತೆರೆಯುವ ಮುಂಚೆ ವಾಪಸ್ ಹಾಕಬೇಕು.

3. ಪರರ ಬಾಗಿಲು ಬಡಿಯಬೇಡಿ. ಜಿಮೇಲ್, ಫೇಸ್‌ಬುಕ್‌ಗೆ ವೆಬ್‌ಡ್ರೈವರ್‌ನಿಂದ ಲಾಗಿನ್ ಆಗಬೇಡಿ ಎಂದು ಸೆಲೆನಿಯಮ್‌ನ ಕೈಪಿಡಿಯೇ ಹೇಳುತ್ತದೆ. ಟೆಸ್ಟಿಗೆ ಕೀಕ್ಲೋಕ್‌ನಂಥ ನಿಮ್ಮದೇ ಐಡೆಂಟಿಟಿ ಸರ್ವರ್ ಇರಲಿ.

4. ಒಂದು ಟೆಸ್ಟಾದರೂ ಪೂರ್ತಿ ದಾರಿ ನಡೆಯಲಿ. ಬಟನ್ ಒತ್ತಿ, ಐಡೆಂಟಿಟಿ ಪುಟಕ್ಕೆ ಹೋಗಿ, ತಿರುಗಿ ಬರಲಿ. ‘ಐದು ಸೆಕೆಂಡ್ ಕಾಯು’ ಎಂದು ಬರೆಯಬೇಡಿ. ಬಳಕೆದಾರರ ಹೆಸರು ಪರದೆಯಲ್ಲಿ ಕಾಣುವವರೆಗೆ ಕಾಯಿಸಿ. ರಾಯಚೂರಿನ ಆಫೀಸಿನಲ್ಲಿ ಸಾಕಾದ ಐದು ಸೆಕೆಂಡ್, ದೇವದುರ್ಗದ ಮನೆಯ ಹಾಟ್‌ಸ್ಪಾಟ್‌ಗೆ ಸಾಲದು.

5. ಓಟಿಪಿಗೆ ಯಾರ ಫೋನನ್ನೂ ಕಾಯಬೇಡಿ. ಟೆಸ್ಟ್ ಖಾತೆಗೆ ಅಥೆಂಟಿಕೇಟರ್ ಕೋಡ್ ಹಾಕಿಸಿ, ಸ್ಕ್ರಿಪ್ಟೇ ಅದನ್ನು ತಯಾರಿಸಲಿ. ಕೋಡ್ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಯಂತ್ರದ ಗಡಿಯಾರ ತಪ್ಪಿದರೆ ಕೋಡೂ ತಪ್ಪು. ಕ್ಯಾಪ್ಚಾ ಇದ್ದರೆ ಟೆಸ್ಟ್ ಸರ್ವರ್‌ನಲ್ಲಿ ಆಫ್ ಮಾಡಿಸಿ.

6. ಲಾಗೌಟ್‌ಗೆ ಬೇರೆ ಖಾತೆ. ಒಂದು ಟೆಸ್ಟ್ ಲಾಗೌಟ್ ಆದರೆ ಸರ್ವರ್‌ನಲ್ಲಿ ಸೆಷನ್ನೇ ಸಾಯುತ್ತದೆ. ಅದನ್ನೇ ನಂಬಿದ್ದ ಉಳಿದ ಟೆಸ್ಟುಗಳೂ ಸಾಲಾಗಿ ಬೀಳುತ್ತವೆ. ಏಕಕಾಲಕ್ಕೆ ಓಡಿ ಡೇಟಾ ತಿದ್ದುವ ಟೆಸ್ಟುಗಳಿಗೂ ಒಂದೊಂದು ಖಾತೆ ಕೊಡಿ.

7. ಪಾಸ್ ಜೋಪಾನ. ಉಳಿಸಿಟ್ಟ ಸ್ಟೋರೇಜ್ ಸ್ಟೇಟ್ ಫೈಲ್ ಸಿಕ್ಕವರಿಗೆ ಪಾಸ್‌ವರ್ಡ್ ಬೇಕಿಲ್ಲ. ಗಿಟ್‌ಗೆ ಸೇರಿಸಬೇಡಿ, ಕೆಲಸ ಮುಗಿದ ಮೇಲೆ ಅಳಿಸಿ. ಪ್ರತಿ ಸಲ ಓಡಿಸುವ ಮುಂಚೆ ಅವಧಿ ನೋಡಿ. ತಾರೀಖು ಮುಗಿದ ಪಾಸ್ ಹಿಡಿದು ಹತ್ತಿದವರನ್ನು ಕಂಡಕ್ಟರ್ ಅರ್ಧ ದಾರಿಯಲ್ಲೇ ಇಳಿಸುತ್ತಾನೆ; ನಾವು ಮಾತ್ರ ಬಸ್ಸೇ ಕೆಟ್ಟಿದೆ ಎಂದು ದೂರುತ್ತಿರುತ್ತೇವೆ.