ಮನೆ ವೈದ್ಯರಿಗೂ ಮೂರು ವರ್ಷದ ತರಬೇತಿ

ಮಗನೋ ಮಗಳೋ ಎಂ.ಬಿ.ಬಿ.ಎಸ್. ಮುಗಿಸಿದಾಗ ಮುಂದೇನು ಓದಿಸೋಣವೆಂದು ಕೇಳಲು ಬರುವ ಹೆತ್ತವರಿಗೆ 'ಫ್ಯಾಮಿಲಿ ಮೆಡಿಸಿನ್' ಎಂದು ಹೇಳಿದರೆ ಮುಖ ಬಾಡುತ್ತದೆ. ಹೃದಯ, ಮೂಳೆ, ಚರ್ಮದ ತಜ್ಞರಾದರೆ ಗೌರವ; ಎಲ್ಲ ಕಾಯಿಲೆ ನೋಡುವ ವೈದ್ಯರೆಂದರೆ ಬೇರೆ ಸೀಟು ಸಿಗದವರು ಎಂಬ ಭಾವನೆ ನಮ್ಮಲ್ಲಿದೆ.

ಎಂ.ಬಿ.ಬಿ.ಎಸ್. ಎಂದರೆ ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಇದರ ಹೆಚ್ಚಿನ ಭಾಗ ದೊಡ್ಡ ಆಸ್ಪತ್ರೆಯಲ್ಲಿ ಕಳೆಯುತ್ತದೆ. ಅಲ್ಲಿನ ವಾರ್ಡಿನಲ್ಲಿ ಮಲಗಿರುವ ರೋಗಿಯ ಕಾಯಿಲೆಗೆ ಆಗಲೇ ಒಂದು ಹೆಸರು ಬಿದ್ದಿರುತ್ತದೆ. ಬೀದಿಯ ಕ್ಲಿನಿಕ್ಕಿಗೆ ಬರುವವರು ಹಾಗಲ್ಲ. 'ಸುಸ್ತು', 'ತಲೆಸುತ್ತು', 'ಗ್ಯಾಸ್' ಎನ್ನುತ್ತಾ ಬರುತ್ತಾರೆ. ಸಕ್ಕರೆ ಕಾಯಿಲೆಯಿರುವ ಐವತ್ತೈದರ ತಾಯಿಯೊಬ್ಬರು ಬೆವರುತ್ತಾ 'ಗ್ಯಾಸ್ ಆಗಿದೆ ಡಾಕ್ಟ್ರೇ' ಎಂದರೆ ಅದು ಹೃದಯಾಘಾತವೂ ಆಗಿರಬಹುದು. ಮಧುಮೇಹಿಗಳಲ್ಲಿ ಎದೆನೋವು ಇಲ್ಲದೆಯೇ ಅದು ಬರುವುದುಂಟು. ಮರುದಿನ ಅದೇ ಮಾತು ಹೇಳುವ ಇಪ್ಪತ್ತರ ಹುಡುಗನಿಗೆ ರಾತ್ರಿ ತಡವಾಗಿ ತಿಂದ ಬಿರಿಯಾನಿಯೇ ಕಾರಣವಿರಬಹುದು. ಯಾರನ್ನು ಈ ಗಳಿಗೆಯಲ್ಲೇ ಆಸ್ಪತ್ರೆಗೆ ಕಳಿಸಬೇಕು, ಯಾರನ್ನು ಎರಡು ದಿನ ಕಾದು ನೋಡಬಹುದು ಎಂಬ ವಿವೇಕ ಪುಸ್ತಕ ಓದಿ ಬರುವುದಿಲ್ಲ. ಅದು ಹಿರಿಯರ ಕಣ್ಣೆದುರಿನಲ್ಲಿ ನೂರಾರು ರೋಗಿಗಳನ್ನು ನೋಡಿ ಕಲಿಯಬೇಕಾದದ್ದು. ಇದಕ್ಕಾಗಿಯೇ ರೆಸಿಡೆನ್ಸಿ ಇರುವುದು.

ಅಮೆರಿಕದಲ್ಲಿ 1969ರಲ್ಲೇ ಇದನ್ನು ಪ್ರತ್ಯೇಕ ತಜ್ಞ ವಿಭಾಗವೆಂದು ಒಪ್ಪಿಕೊಂಡರು. ಅಲ್ಲಿ ತರಬೇತಿ ಮೂರು ವರ್ಷ. ವಿಶೇಷವೆಂದರೆ, ರೆಸಿಡೆಂಟ್ ವೈದ್ಯರು ಬೇರೆ ಬೇರೆ ವಾರ್ಡುಗಳಲ್ಲಿ ದುಡಿಯುವಾಗಲೂ ತಮ್ಮದೇ ಒಂದಷ್ಟು ರೋಗಿಗಳನ್ನು ಕ್ಲಿನಿಕ್ಕಿನಲ್ಲಿ ಮೂರೂ ವರ್ಷ ನೋಡಿಕೊಳ್ಳುತ್ತಾರೆ. ಬಸುರಿಯಾಗಿ ಬಂದವಳ ಮಗುವಿಗೆ ಲಸಿಕೆ ಹಾಕುವುದೂ ಅದೇ ವೈದ್ಯರಿರಬಹುದು. ಬ್ರಿಟನ್ನಿನಲ್ಲೂ ಮೂರು ವರ್ಷ. ಒಂದಷ್ಟು ಕಾಲ ಆಸ್ಪತ್ರೆಯಲ್ಲಿ, ಉಳಿದದ್ದು ಅನುಭವಿ ಜಿ.ಪಿ.ಯೊಬ್ಬರ ಕೈಕೆಳಗೆ.

ನಮ್ಮ ದೇಶದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ನೀಟ್-ಪಿ.ಜಿ. ಬರೆದವರಿಗೆ ಮೂರು ವರ್ಷದ ಡಿ.ಎನ್.ಬಿ. ಫ್ಯಾಮಿಲಿ ಮೆಡಿಸಿನ್ ಇದೆ. ಮೆಡಿಸಿನ್, ಮಕ್ಕಳು, ಹೆರಿಗೆ, ಶಸ್ತ್ರಚಿಕಿತ್ಸೆ, ತುರ್ತು ವಿಭಾಗ ಎಲ್ಲದರಲ್ಲೂ ದುಡಿಯಬೇಕು. ಎಂ.ಡಿ. ಕೋರ್ಸೂ ಇದೆ, ಕಲ್ಲಿಕೋಟೆಯ ಸರಕಾರಿ ವೈದ್ಯಕೀಯ ಕಾಲೇಜಿನಂತಹ ಕೆಲವೇ ಕಡೆ. ಆದರೆ ಇಲ್ಲಿ ಜನರಲ್ ಪ್ರಾಕ್ಟೀಸ್ ಮಾಡಲು ಈ ತರಬೇತಿ ಕಡ್ಡಾಯವಲ್ಲ. ಇಂಟರ್ನ್‌ಶಿಪ್ ಮುಗಿಸಿ ನೋಂದಣಿಯಾದ ತಕ್ಷಣ ಬೋರ್ಡು ಹಾಕಬಹುದು. ಇದು ಬದಲಾಗಬೇಕೆಂದು ನನ್ನ ಅಭಿಪ್ರಾಯ.

ನಾನು ಯುನಾನಿ ಓದಿದವನು. ರೋಗಿಯ ಮಿಜಾಜ್, ನಿದ್ದೆ, ಊಟ, ಮನಸ್ಸಿನ ಕೊರಗು ಎಲ್ಲವನ್ನೂ ಕೇಳಬೇಕೆಂದು ನಮಗೂ ಕಲಿಸುತ್ತಾರೆ. ಒಂದೊಂದು ಅಂಗಕ್ಕೆ ಒಬ್ಬೊಬ್ಬ ತಜ್ಞ ಎಂಬ ಈ ಕಾಲದಲ್ಲಿ ಇಡೀ ಮನುಷ್ಯನನ್ನು ನೋಡುವ ವಿಭಾಗವೊಂದು ಅಲೋಪತಿಯಲ್ಲಿ ಬೆಳೆಯುತ್ತಿರುವುದು ನನಗಂತೂ ಸಂತೋಷದ ಸಂಗತಿ.

ನಿಮ್ಮೂರಿನಲ್ಲಿ ಅಂತಹ ತರಬೇತಿ ಪಡೆದವರಿದ್ದರೆ ಇಡೀ ಕುಟುಂಬಕ್ಕೆ ಅವರೊಬ್ಬರನ್ನೇ ಇಟ್ಟುಕೊಳ್ಳಿ. ಹಳೆಯ ಚೀಟಿಗಳನ್ನೆಲ್ಲ ಒಂದೇ ಫೈಲಿನಲ್ಲಿಡಿ. ನಮ್ಮಂಥವರಿಂದ ಪಡೆದ ಮಾಜೂನ್, ಕುಷ್ತಾಗಳನ್ನೂ ಅವರಿಂದ ಮುಚ್ಚಿಡಬೇಡಿ. ಮನೆಯಲ್ಲಿ ಮಧುಮೇಹಿಗಳಿದ್ದರೆ ರಮಝಾನಿಗೆ ಆರೆಂಟು ವಾರ ಮೊದಲೇ ಅವರನ್ನು ಕಾಣಿ. ಉಪವಾಸ ಹಿಡಿಯಬಹುದೇ, ಹಿಡಿದರೆ ಮಾತ್ರೆ-ಇನ್ಸುಲಿನ್ ಎಷ್ಟು, ಯಾವಾಗ ಎಂದು ನಿಮ್ಮನ್ನು ವರ್ಷವಿಡೀ ನೋಡಿದವರು ಹೇಳುವಷ್ಟು ಸರಿಯಾಗಿ ಬೇರೆಯವರು ಹೇಳುವುದು ಕಷ್ಟ.