ಕಂಪನಿಗಳ ಕಾನೂನುಪಾಲನೆ ಮತ್ತು ತಂತ್ರಾಂಶದ ಆಯ್ಕೆ

ಹಿಂದಿನ ಅಂಗಡಿಗಳಲ್ಲಿ ದಿನದ ವ್ಯವಹಾರವನ್ನು ಕಿರ್ದಿಯಲ್ಲಿ ಬರೆದು, ಅಲ್ಲಿಂದ ಖಾತೆಗೆ ಏರಿಸುತ್ತಿದ್ದರಷ್ಟೆ. ಅಂಕಿ ತಪ್ಪಿದರೆ ಅದರ ಮೇಲೊಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆಯುವುದು ಒಳ್ಳೆಯ ಗುಮಾಸ್ತನ ಲಕ್ಷಣ, ಕೆರೆದು ಅಳಿಸುವುದಲ್ಲ. ಹೊಡೆದ ಅಂಕಿಯೂ ಓದುವಂತಿರಬೇಕು. ಕಂಪ್ಯೂಟರಿನಲ್ಲಾದರೋ ಹಳೆಯ ಅಂಕಿಯ ಜಾಗದಲ್ಲಿ ಹೊಸದು ಸದ್ದಿಲ್ಲದೆ ಕುಳಿತುಬಿಡಬಹುದು. ಮೊದಲು ಅಲ್ಲೇನಿತ್ತೆಂದು ಹೇಳುವವರಾರು? ಕಾನೂನುಪಾಲನೆಗಾಗಿ ತಂತ್ರಾಂಶವನ್ನು ಆರಿಸುವ ಕಂಪನಿ ಮೊದಲು ಕೇಳಬೇಕಾದ ಪ್ರಶ್ನೆ ಇದೇ ಎಂದು ನನ್ನ ಅಭಿಪ್ರಾಯ.

ನಮ್ಮ ದೇಶದ ಕಾನೂನೂ ಈಗ ಇದನ್ನೇ ಕೇಳುತ್ತದೆ. ಲೆಕ್ಕಕ್ಕೆ ತಂತ್ರಾಂಶ ಬಳಸುವ ಪ್ರತಿಯೊಂದು ಕಂಪನಿಯೂ, ಮಾಡಿದ ಪ್ರತಿ ಬದಲಾವಣೆಯನ್ನು ತಾರೀಖಿನ ಸಮೇತ ದಾಖಲಿಸುವಂಥ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆ ದಾಖಲೆಯನ್ನು ಯಾರೂ ನಿಲ್ಲಿಸುವಂತಿರಬಾರದು. ಲೆಕ್ಕಪರಿಶೋಧಕರು ಇದರ ವಿಷಯ ತಮ್ಮ ವರದಿಯಲ್ಲಿ ಹೇಳಬೇಕು.

ಆದಕಾರಣ, ಮಾರಲು ಬಂದವರು ತೋರಿಸುವ ಬಣ್ಣದ ನಕ್ಷೆಗಳಿಗೆ ಮರುಳಾಗದೆ, ಒಪ್ಪಿಗೆಯಾದ ಒಂದು ಬಿಲ್ಲಿನ ಮೊತ್ತವನ್ನು ಎದುರಿಗೇ ತಿದ್ದಿಸಬೇಕು. ಬಳಿಕ ಹಳೆಯ ಮೊತ್ತ, ತಿದ್ದಿದವರ ಹೆಸರು, ವೇಳೆ ಇವನ್ನು ತೋರಿಸಿರೆನ್ನಬೇಕು. ತಂತ್ರಾಂಶದ ಬಾಗಿಲಿನಿಂದ ಬಾರದೆ, ಹಿಂದಿರುವ ದತ್ತಾಂಶದ ಉಗ್ರಾಣಕ್ಕೇ ನೇರ ಕೈಹಾಕಿ ತಿದ್ದಿದರೆ ಅದೂ ದಾಖಲಾಗುವುದೇ ಎಂದು ಕೇಳಬೇಕು. ಹಲವು ಮಾರಾಟಗಾರರು ತಡವರಿಸುವುದು ಇಲ್ಲಿಯೇ ಇರಬೇಕು.

ಆದರೆ ಯಂತ್ರ ತನಗೆ ಉಣಿಸಿದ್ದನ್ನಷ್ಟೇ ಕಾಯಬಲ್ಲುದು. 2009ರ ಜನವರಿ 7ರಂದು ಸತ್ಯಂ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ಅವರು ಬರೆದ ಪತ್ರದಂತೆ, ಲೆಕ್ಕದಲ್ಲಿ ತೋರಿಸಿದ್ದ ಹಣದಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಆ ಕಂಪನಿಯ ಕಸುಬೇ ತಂತ್ರಾಂಶವೆಂಬುದು ವಿಪರ್ಯಾಸ! 2018ರಲ್ಲಿ ಬಯಲಾದ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಪ್ರಕರಣ ಇನ್ನೊಂದು ಬಗೆಯದು. ಅಲ್ಲಿ ಮುಂಬಯಿಯ ಒಂದು ಶಾಖೆಯಿಂದ ಸ್ವಿಫ್ಟ್ ಎಂಬ ಸಂದೇಶ ವ್ಯವಸ್ಥೆಯ ಮೂಲಕ ಹೊರದೇಶದ ಶಾಖೆಗಳಿಗೆ ಸಾಲದ ಹೊಣೆಪತ್ರಗಳು ಹೋದುವು; ಬ್ಯಾಂಕಿನ ಮುಖ್ಯ ಲೆಕ್ಕದಲ್ಲಿ ಅವು ಏರಲೇ ಇಲ್ಲ. ಎರಡು ವ್ಯವಸ್ಥೆಗಳೂ ಇದ್ದುವು. ನಡುವಣ ಕೊಂಡಿ ಇರಲಿಲ್ಲ. ಹೊಸ ತಂತ್ರಾಂಶ ಉಳಿದವುಗಳಿಂದ ಮಾಹಿತಿಯನ್ನು ತಾನೇ ಪಡೆಯುವುದೋ, ಒಬ್ಬ ಮನುಷ್ಯ ಹೊತ್ತು ತರಬೇಕೋ ಎಂಬುದನ್ನು ಇದಕ್ಕಾಗಿಯೇ ವಿಚಾರಿಸಬೇಕು.

ಕೊಳ್ಳುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು ಲೇಸು: ಯಾವ ಕರ್ತವ್ಯ, ಯಾರು ಮಾಡುವವರು, ಯಾರು ನೋಡುವವರು, ಸಾಕ್ಷಿ ಏನು. ನೌಕರರ ಭವಿಷ್ಯನಿಧಿಯ ಹಣವನ್ನು ಮರುತಿಂಗಳ 15ರೊಳಗೆ ಕಟ್ಟಬೇಕು. ಕಟ್ಟಿದೆ ಎಂದು ತೆರೆಯ ಮೇಲೆ ಹಾಕಿದ ಹಸುರು ಗುರುತು ಸಾಕ್ಷಿಯಲ್ಲ; ರಸೀತಿ ಸಾಕ್ಷಿ. ಕರ್ತವ್ಯಗಳು ಹತ್ತಿಪ್ಪತ್ತೇ ಇರುವ ಸಣ್ಣ ಕಂಪನಿಗೆ ಇಷ್ಟನ್ನು ನೆನಪಿಸಲು ಭಾರಿ ಬೆಲೆಯ ತಂತ್ರಾಂಶ ಬೇಕಿಲ್ಲ.

ಕಲಾ ವಿಭಾಗದವರಿಗೆ ಇದೆಲ್ಲ ಏಕೆಂದು ಮಿತ್ರರು ಕೇಳಬಹುದು. ನಮ್ಮಲ್ಲಿ ಹಲವರು, ಅದರಲ್ಲಿಯೂ ಮನೆಯಲ್ಲಿ ಮೊದಲಿಗರಾಗಿ ಕಾಲೇಜು ಮೆಟ್ಟಿಲು ಹತ್ತಿದವರು, ನಾಳೆ ಕುಳಿತುಕೊಳ್ಳುವುದು ಇಂಥ ಮೇಜುಗಳ ಮುಂದೆಯೇ. ಅನೇಕ ತಂತ್ರಾಂಶಗಳಿಗೆ ಬಳಕೆದಾರರ ಎಣಿಕೆಯ ಮೇಲೆ ಬೆಲೆ. ಹಣ ಉಳಿಸಲೆಂದು ಒಬ್ಬ ಕಿರಿಯ ಗುಮಾಸ್ತನ ಹೆಸರು, ಪಾಸ್‌ವರ್ಡುಗಳನ್ನು ನಾಲ್ವರು ಬಳಸಿದರೆ, ಯಾರು ಏನು ತಿದ್ದಿದರೂ ದಾಖಲೆಯಲ್ಲಿ ನಿಲ್ಲುವುದು ಆ ಗುಮಾಸ್ತನ ಹೆಸರೊಂದೇ. ನಾಲ್ವರಿಗೆ ನಾಲ್ಕು ಹೆಸರು ಕೊಡಲಾಗದಷ್ಟು ದುಬಾರಿಯಾದ ತಂತ್ರಾಂಶವನ್ನು, ಅದು ಎಷ್ಟೇ ಒಳ್ಳೆಯದಿರಲಿ, ಕೊಳ್ಳದೆ ಬಿಡುವುದೇ ಸರಿ.