ಕಲ್ಲಿನ ತನಕ ಹೋಗು, ತಂಗಿ

ತಂಗಿ, ಕೊಪ್ಪಳದ ಶಾಸನಗಳ ಮೇಲೆ ಪ್ರಬಂಧ ಬರೆಯಲು ಹೊರಟಿದ್ದೀ ಎಂದು ಕೇಳಿ ಮನಸ್ಸು ತುಂಬಿತು. ಅರ್ಧ ಕೆಲಸ ಮೊಬೈಲಿನಲ್ಲೇ ಮುಗಿಯಿತು ಎಂದೆಯಲ್ಲ, ಅದಕ್ಕೇ ಈ ನಾಲ್ಕು ಮಾತು.

ಗವಿಮಠದ ಬಂಡೆಯ ಮೇಲೆ ಅಶೋಕನ ಹೆಸರು ಕೊರೆದಿದೆ ಎಂದು ಯಾವುದೋ ಪುಟದಲ್ಲಿ ಓದಿದರೆ ಹಾಗೇ ಇಳಿಸಿಕೊಳ್ಳುತ್ತೀಯಾ? ಅಲ್ಲಿರುವುದು ‘ದೇವಾನಾಂಪ್ರಿಯ’ ಎಂಬ ಬಿರುದು. ಅಶೋಕನ ಹೆಸರೇ ಮೊದಲು ಓದಲು ಸಿಕ್ಕಿದ್ದು 1915ರಲ್ಲಿ ಬೆಳಕಿಗೆ ಬಂದ ಮಸ್ಕಿ ಶಾಸನದಲ್ಲಿ. ಒಬ್ಬರು ತಪ್ಪಿದರೆ ಹತ್ತು ಪುಟಗಳು ಅದನ್ನೇ ನಕಲು ಮಾಡುತ್ತವೆ. ಹತ್ತು ಮಂದಿ ಹೇಳಿದರೂ ಕಂಡವನು ಒಬ್ಬನೇ ಆಗಿದ್ದರೆ ಸಾಕ್ಷಿ ಒಂದೇ. ಅವನೂ ಕಂಡಿಲ್ಲವಾದರೆ ಅದೂ ಇಲ್ಲ.

ಮೂಲ ಬೇಕೆಂದರೆ, ಗವಿಮಠ ಮತ್ತು ಪಾಲ್ಕಿಗುಂಡು ಬಂಡೆಗಳ ಶಾಸನಪಾಠವನ್ನು ಆರ್. ಎಲ್. ಟರ್ನರ್ 1932ರಲ್ಲಿ ಹೈದರಾಬಾದ್ ಪುರಾತತ್ವ ಮಾಲಿಕೆಯಲ್ಲಿ ಪ್ರಕಟಿಸಿದರು. ನಮ್ಮ ಸೀಮೆ 1956ರವರೆಗೆ ಹೈದರಾಬಾದ್ ರಾಜ್ಯದ ನೆಲ, 1997ರವರೆಗೆ ರಾಯಚೂರು ಜಿಲ್ಲೆ. ‘ಕೊಪ್ಪಳ ಜಿಲ್ಲೆ’ ಎಂದಷ್ಟೇ ಹುಡುಕಿದರೆ ಹಳೆಯ ವರದಿ ಕೈಗೆ ಸಿಗದು. ಅಂದಿನ ಇಂಗ್ಲಿಷ್ ಬರಹಗಳಲ್ಲಿ ಊರಿನ ಹೆಸರೇ ‘ಕೊಪ್ಬಾಳ್’, ಹಾಗೆಯೂ ಹುಡುಕು. ಪುಟದ ಕಾಲವನ್ನೂ ನೋಡು. ಇಟಗಿಯ ಮಹಾದೇವ ದೇವಾಲಯ ಯಲಬುರ್ಗಾ ತಾಲೂಕಿನಲ್ಲಿದೆ ಎಂಬ ಬರಹ ಸುಳ್ಳಲ್ಲ; ಕುಕನೂರು ತಾಲೂಕು ಆಗುವ ಮೊದಲಿನದು.

ಗಂಗಾವತಿ ಸೀಮೆಯ ಹಿರೇಬೆಣಕಲ್ಲಿನ ಕಲ್ಗೋರಿಗಳಿರುವ ಬೆಟ್ಟವನ್ನು ಜನ ‘ಮೋರ್ಯರ ಗುಡ್ಡ’ ಎನ್ನುತ್ತಾರೆ. ಜನರ ಮಾತನ್ನು ಗೌರವದಿಂದ ಬರೆದುಕೋ. ಆದರೆ ಹೆಸರಿನ ಸಾಮ್ಯ ಹಿಡಿದು ಮೌರ್ಯರು ಕಟ್ಟಿದರೆಂದು ಬರೆಯಬೇಡ. ಅದು ಬೃಹತ್ ಶಿಲಾಯುಗದ ಜನರ ನೆಲೆ.

ಯಾವ ಪುಟ ತೆರೆದರೂ ಕೇಳಿಕೋ: ಬರೆದವರು ಯಾರು? ಯಾವಾಗ? ಯಾವ ಆಧಾರದ ಮೇಲೆ? ಆ ಆಧಾರವನ್ನು ನಾನೇ ತೆರೆದು ನೋಡಿದೆನೇ? ವಿಕಿಪೀಡಿಯ ಕೈಮರ ಇದ್ದಂತೆ, ದಾರಿ ತೋರಿಸುತ್ತದೆ, ಕೈಮರವೇ ಊರಲ್ಲ. ಶೋಧಗಂಗಾ ಜಾಲತಾಣದ ಮಹಾಪ್ರಬಂಧ ಓದುವಾಗ ಅಡಿಟಿಪ್ಪಣಿ ಹಿಡಿದು ಮುಂದಕ್ಕೆ ಹೋಗು. ಎಐ ಕೆಲವೊಮ್ಮೆ ಇಲ್ಲದ ಪುಸ್ತಕದ ಹೆಸರನ್ನೂ ಪುಟಸಂಖ್ಯೆ ಸಮೇತ ಹೇಳಿಬಿಡುತ್ತದೆ; ಆ ಪುಸ್ತಕ ಕಣ್ಣಿಗೆ ಬೀಳುವ ತನಕ ನಂಬಬೇಡ. ಕೊನೆಗೆ ಬೆಟ್ಟ ಹತ್ತು. ಊರ ಮಗ್ಗುಲಲ್ಲೇ ಬಂಡೆ ಇರುವಾಗ ಫೋಟೊ ನೋಡಿ ಬರೆಯುವುದು ನಿನಗೆ ಒಪ್ಪುವುದಿಲ್ಲ.

ನಾಳೆ ನಿನ್ನ ಪ್ರಬಂಧವೂ ಅಂತರ್ಜಾಲಕ್ಕೆ ಬರುತ್ತದೆ. ಬೆಟ್ಟ ಹತ್ತಲಾಗದ ಕುಷ್ಟಗಿಯ ಯಾವುದೋ ಹುಡುಗ ನಿನ್ನ ಸಾಲನ್ನೇ ಆಧಾರ ಮಾಡಿಕೊಳ್ಳುತ್ತಾನೆ. ಅವನ ಪಾಲಿಗೆ ಕಂಡವಳು ನೀನೊಬ್ಬಳೇ. ಕಂಡೇ ಬರೆ, ತಾಯಿ.